ಖಾಲಿ ಮಡಿಲು, ಒಂಟಿ ಸೊಪ್ಪಿನ ಸಾರು

ಮಂಡ್ಯ, ತುಮಕೂರು, ಹಾಸನ, ಕೋಲಾರದ ಕಡೆಯ ಯಾವುದಾದರೂ ಹಳ್ಳಿಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಇವತ್ತು ಸಾರಿಗೆ ಯಾವ ಸೊಪ್ಪು? ಈಗ ಉತ್ತರ ಒಂದೇ ಮಾತಿಗೆ ಮುಗಿಯುತ್ತದೆ. ದಂಟು, ಇಲ್ಲವೇ ಪಾಲಕ್, ಇಲ್ಲವೇ ಸಂತೆಯಿಂದ ತಂದ ಮೆಂತ್ಯ. ಸೊಪ್ಪಿಲ್ಲ, ಟೊಮೆಟೊ ಸಾರು ಎನ್ನುವುದೂ ಮಾಮೂಲಾಗಿದೆ. ಒಂದು ತಲೆಮಾರಿನ ಹಿಂದೆ, ಆಷಾಢ ಶ್ರಾವಣದ ಸಂಜೆ ಇದೇ ಪ್ರಶ್ನೆ ಕೇಳಿದ್ದರೆ ‘ಬೆರಕೆ’ ಎನ್ನುತ್ತಿದ್ದರು. ಬೆರಕೆಯಲ್ಲಿ ಏನೇನಿದೆ ಎಂದರೆ ಅಜ್ಜಿ ಬೆರಳು ಮಡಿಸಲು ಶುರುಮಾಡುತ್ತಿದ್ದಳು: ಅಣ್ಣೆ, ಗೋಣಿ, ಕೀರೆ, ಗಣಿಕೆ, ಹೊನಗೊನೆ, ಕನ್ನೆ, ಕೊಮ್ಮೆ, ಎಳೆ ಹುಚ್ಚೆಳ್ಳು, ಕುಂಬಳದ ಕುಡಿ, ಅಲಸಂದೆ ಕುಡಿ. ಒಂದು ಕೈಯ ಬೆರಳು ಸಾಲದೆ ಇನ್ನೊಂದು ಕೈಗೆ ಹೋಗುತ್ತಿದ್ದಳು.

ಬೆರಕೆ ಸೊಪ್ಪು ನಮ್ಮ ಸಂಜೆಯ ಅಡುಗೆಯಿಂದ ಜಾರಿಹೋಗುತ್ತಿದೆ. ಪೂರ್ತಿ ಹೋಗಿಲ್ಲ. ಕೆಲವು ಹೊಲಗಳ ಬದುವಿನಲ್ಲಿ, ಕೆಲವು ಹಿರಿಯ ಹೆಂಗಸರ ಕಣ್ಣಿನಲ್ಲಿ ಅದು ಇನ್ನೂ ಉಳಿದಿದೆ. ಹೋಗಿಬಿಟ್ಟ ಮೇಲೆ ಬರೆದರೆ ಅದು ಶೋಕಗೀತೆಯಾಗುತ್ತದೆ. ಉಳಿದಿರುವಾಗಲೇ ಹೇಳಬೇಕಾದ ಎಚ್ಚರಿಕೆಯ ಮಾತು ಇದು, ಇನ್ನೂ ಹೊತ್ತು ಮೀರಿಲ್ಲ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇವೆ.

ಹಳೆ ಮೈಸೂರು ಸೀಮೆಯ ದುಡಿಯುವ ಮನೆಗಳಲ್ಲಿ ದಿನದ ನಿಜವಾದ ಅಡುಗೆ ನಡೆಯುವುದು ಸಂಜೆ. ಬೆಳಿಗ್ಗೆ ರಾತ್ರಿ ಉಳಿದ ಸಾರು, ತಂಗಳು. ಮಧ್ಯಾಹ್ನ ಹೊಲಕ್ಕೆ ಕಟ್ಟಿಕೊಂಡು ಹೋದ ಬುತ್ತಿ. ಎಲ್ಲರೂ ಒಟ್ಟಿಗೆ ಕೂತು ಬಿಸಿಯಾದದ್ದನ್ನು ಉಣ್ಣುವುದು ರಾತ್ರಿ ಮಾತ್ರ. ಹಾಗಾಗಿ ಆ ದಿನ ಹೊಲ ಏನು ಕೊಟ್ಟಿತು ಎನ್ನುವುದು ಸಂಜೆಯ ಸಾರಿನ ಪಾತ್ರೆಯಲ್ಲಿ ಕಾಣುತ್ತಿತ್ತು. ಕಳೆ ತೆಗೆಯಲು ಹೋದ ಹೆಂಗಸರು ಸಾಲಿನಲ್ಲಿ ಕೂತು ಸರಿಯುತ್ತ ಹೋಗುವಾಗ ಕೈಗೆ ಸಿಕ್ಕಿದ್ದರಲ್ಲಿ ಎಳೆಯದನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ದಿನ ಮುಳುಗುವಾಗ ಸೀರೆಯ ಮಡಿಲು ತುಂಬಿರುತ್ತಿತ್ತು. ಅದಕ್ಕೆ ಬೆಲೆಯಿಲ್ಲ, ತೂಕವಿಲ್ಲ, ಯಾರ ಲೆಕ್ಕದಲ್ಲೂ ಇಲ್ಲ. ಬೆಳಿಗ್ಗೆ ಹೊಲದಲ್ಲಿ ಕಳೆ ಎನಿಸಿಕೊಂಡದ್ದು ಸಂಜೆ ಒಲೆಯ ಮೇಲೆ ಸೊಪ್ಪು ಎನಿಸಿಕೊಳ್ಳುತ್ತಿತ್ತು.

ಆ ಸೊಪ್ಪಿನಿಂದ ಮಾಡುವ ಅಡುಗೆಯಲ್ಲೂ ಬಹಳ ತಿಳಿವಳಿಕೆ ಇತ್ತು. ಬಸ್ಸಾರಿಗೆ ಸೊಪ್ಪನ್ನು ಹುರುಳಿಯೊಂದಿಗೋ ಅವರೆ, ಅಲಸಂದೆ ಕಾಳಿನೊಂದಿಗೋ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಬೆಂದದ್ದರಲ್ಲಿ ಒಂದು ಹಿಡಿಯನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಕಾಯಿಯ ಜೊತೆ ರುಬ್ಬಿ ಆ ಕಟ್ಟಿಗೆ ಸೇರಿಸುತ್ತಾರೆ. ಅದು ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಅದು ಪಲ್ಯ. ಉಪ್ಪೆಸರಿನಲ್ಲಿ ಕಟ್ಟನ್ನು ಹಾಗೇ ಉಪ್ಪು ಹಾಕಿ ಇಟ್ಟು, ಖಾರವನ್ನು ಬೇರೆ ಅರೆದು, ತಟ್ಟೆಯಲ್ಲಿ ಅವರವರಿಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮಸೊಪ್ಪಿನಲ್ಲಿ ಬೇಳೆ ಸೊಪ್ಪು ಎರಡನ್ನೂ ಬೇಯಿಸಿ ಮಸೆಯುತ್ತಾರೆ. ಸೊಪ್ಪು ಬೆಂದ ನೀರಿಗೆ ಅದರ ಸತ್ವದಲ್ಲಿ ಒಂದು ಪಾಲು ಇಳಿದಿರುತ್ತದೆ. ಈ ಮೂರೂ ಅಡುಗೆಗಳಲ್ಲಿ ಆ ನೀರನ್ನು ಯಾರೂ ಚೆಲ್ಲುವುದಿಲ್ಲ. ಸೊಪ್ಪಿನ ಹಳದಿ ಸತ್ವ, ಅಂದರೆ ನಮ್ಮ ದೇಹ ‘ಎ’ ಜೀವಸತ್ವವಾಗಿ ಬದಲಿಸಿಕೊಳ್ಳುವ ಬೀಟಾ ಕ್ಯಾರೊಟಿನ್, ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು. ಒಗ್ಗರಣೆ ಆ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪು ಮತ್ತು ಕಾಳಿನ ಕಬ್ಬಿಣಾಂಶವನ್ನು ಮೈ ಹೆಚ್ಚು ಹೀರಿಕೊಳ್ಳುತ್ತದೆ. ಬಡ ಮನೆಯ ಒಲೆ ಯಾವ ಪುಸ್ತಕವೂ ಇಲ್ಲದೆ ಕಂಡುಕೊಂಡ ವಿಧಾನಗಳಿವು.

ಹಾಗಾದರೆ ಬೆರಕೆ ಯಾಕೆ ಕಾಣೆಯಾಗುತ್ತಿದೆ? ನಾಲಿಗೆಯ ರುಚಿ ಬದಲಾಯಿತು, ಮಕ್ಕಳು ತಿನ್ನುವುದಿಲ್ಲ ಎಂಬ ಉತ್ತರ ಎಲ್ಲರ ಬಾಯಲ್ಲಿದೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಮೂಲ ಕಾರಣ ಅಡುಗೆಮನೆಯಲ್ಲಿಲ್ಲ, ಹೊಲದಲ್ಲಿದೆ. ಸೊಪ್ಪು ಬೆಳೆಯುತ್ತಿದ್ದ ಜಾಗಕ್ಕೇ ಔಷಧಿ ಬಿದ್ದಿದೆ.

ರಾಗಿ, ಜೋಳ, ಮೆಕ್ಕೆಜೋಳ, ಭತ್ತ ಇವೆಲ್ಲ ಹುಲ್ಲಿನ ಜಾತಿ. ಅಣ್ಣೆ, ಕೀರೆ, ಗೋಣಿ, ಗಣಿಕೆ, ಹೊನಗೊನೆ, ಕೊಮ್ಮೆ ಇವೆಲ್ಲ ಅಗಲ ಎಲೆಯ ಜಾತಿ. 1940ರ ದಶಕದ ಮಧ್ಯದಿಂದ ಜಗತ್ತಿನ ಹೊಲಗಳಿಗೆ ಬಂದ 2,4-ಡಿ ಎಂಬ ಕಳೆನಾಶಕದ ಗುಣವೇ ಇದು: ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯವನ್ನು ಕೊಲ್ಲುತ್ತದೆ. ಧಾನ್ಯದ ಬೆಳೆಗೆ ಅದು ಅನುಕೂಲ ಎನಿಸಿದ್ದು ಈ ಕಾರಣಕ್ಕೆ. ಅದರ ಕಣ್ಣಿಗೆ ಕಳೆ ಯಾವುದೋ ಅದು ನಮ್ಮ ಸಾರಿನ ಸೊಪ್ಪು. ಗೊತ್ತುಮಾಡಿ ಆರಿಸಿದಂತೆ ಅದು ಸೊಪ್ಪನ್ನೇ ಹುಡುಕಿ ಸುಡುತ್ತದೆ.

ಇದರ ಜೊತೆಗೆ ಇನ್ನೊಂದು ನಷ್ಟವೂ ಸದ್ದಿಲ್ಲದೆ ಆಯಿತು. ನಮ್ಮ ರಾಗಿ ಹೊಲ ಎಂದೂ ಬರೀ ರಾಗಿಯ ಹೊಲವಾಗಿರಲಿಲ್ಲ. ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಹರಳು ಇರುತ್ತಿದ್ದವು. ಮುದ್ದೆಯ ಜೊತೆಗಿನ ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ಚಿವುಟಲು ಕುಡಿ ಎಲ್ಲವೂ ಅದೇ ಹೊಲದಿಂದ. ಈ ಅಕ್ಕಡಿ ಬೆಳೆಗಳೂ ಅಗಲ ಎಲೆಯವೇ. ಕಳೆನಾಶಕ ಹೊಡೆಯುವ ಹೊಲದಲ್ಲಿ ಅಕ್ಕಡಿ ಇಡಲಾಗುವುದಿಲ್ಲ, ಅಕ್ಕಡಿ ಇಟ್ಟ ಹೊಲದಲ್ಲಿ ಆ ಔಷಧಿ ಹೊಡೆಯಲಾಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ಎಷ್ಟೋ ಕಡೆ ಅಕ್ಕಡಿ ಸೋತಿತು. ಹೊಲದಲ್ಲಿ ಸಾಲುಗಳು ಒಂದೇ ಬಣ್ಣಕ್ಕೆ ಬಂದ ವರ್ಷಗಳಲ್ಲೇ ಸಾರೂ ಒಂದೇ ಬಣ್ಣಕ್ಕೆ ಬಂತು.

ಬದುವಿನ ಕಥೆಯೂ ಅಷ್ಟೇ. ಹೊಲದೊಳಗೆ ಸಿಗದಿದ್ದರೂ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ, ತೋಟದ ನೆರಳಿನಲ್ಲಿ ಸೊಪ್ಪು ಸಿಗುತ್ತಿತ್ತು. ಈಗ ಅಲ್ಲಿಗೂ ಗ್ಲೈಫೋಸೇಟ್‌ನಂಥ, ಸಿಕ್ಕ ಹಸಿರನ್ನೆಲ್ಲ ಒಣಗಿಸುವ ಔಷಧಿ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ, ಕೀಟ ನಿಯಂತ್ರಣದ ಪರವಾನಗಿ ಉಳ್ಳವರ ಮೂಲಕ ಮಾತ್ರ ಅದನ್ನು ಬಳಸಬೇಕೆಂದು ಆದೇಶ ಹೊರಡಿಸಿತು. ಆದರೂ ನಡು ಮಳೆಗಾಲದಲ್ಲಿ ಬದುಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿರುವುದನ್ನು ರಸ್ತೆಯಲ್ಲಿ ಹೋಗುವ ಯಾರಾದರೂ ಕಾಣಬಹುದು.

ಇಲ್ಲಿ ಒಂದು ತುರ್ತು ಅಪಾಯವಿದೆ. ಸೊಪ್ಪು ಕೀಳುವವರು ಹೆಚ್ಚಾಗಿ ಕೂಲಿಗೆ ಹೋಗುವ ಹೆಂಗಸರು, ಸ್ವಂತ ಹೊಲ ಇಲ್ಲದವರು. ಯಾವ ಹೊಲಕ್ಕೆ ನಿನ್ನೆ ಔಷಧಿ ಹೊಡೆದರು, ಯಾವುದಕ್ಕೆ ಹೊಡೆದಿಲ್ಲ ಎಂದು ಅವರಿಗೆ ಹೇಳುವವರಿಲ್ಲ. ಔಷಧಿ ಬಿದ್ದ ಗಿಡ ಕೂಡಲೇ ಒಣಗುವುದಿಲ್ಲ, ಕೆಲವು ದಿನ ಹಸಿರಾಗೇ ನಿಂತಿರುತ್ತದೆ. ಅದನ್ನು ಚಿವುಟಿ ತಂದು ಮಕ್ಕಳಿಗೆ ಬಸ್ಸಾರು ಮಾಡಿ ಬಡಿಸಿದರೆ ಹೊಟ್ಟೆ ತುಂಬಿಸಿದೆವೆಂಬ ನೆಮ್ಮದಿಯಲ್ಲಿ ವಿಷ ಉಣಿಸಿದಂತೆ. ಈ ಭಯ ಹಬ್ಬಿದ ಊರುಗಳಲ್ಲಿ ಜನ ಹೊಲದ ಸೊಪ್ಪನ್ನು ಮುಟ್ಟುವುದನ್ನೇ ಬಿಡುತ್ತಾರೆ. ಬಿಟ್ಟದ್ದು ತಪ್ಪಲ್ಲ. ಬಿಡಬೇಕಾದ ಸ್ಥಿತಿ ತಂದದ್ದು ತಪ್ಪು.

ಇದು ಹಳೆ ಮೈಸೂರಿನ ಮಾತು ಮಾತ್ರವಲ್ಲ. ಉತ್ತರ ಕರ್ನಾಟಕದಲ್ಲಿ ರಾತ್ರಿಯ ರೊಟ್ಟಿಯ ಪಕ್ಕದಲ್ಲಿ ಪುಂಡಿಪಲ್ಯ, ಕಡಲೆ ಹೊಲದಿಂದ ಚಿವುಟಿದ ಎಳೆ ಕುಡಿ, ಕುಸುಬಿಯ ಎಳೆ ಎಲೆ, ಹಸಿಯಾಗೇ ಕಡಿದುಕೊಳ್ಳುವ ಹಕ್ಕರಕಿ, ಬೇಳೆಯಲ್ಲಿ ಬೆಂದ ಗೋಳಿ ಪಲ್ಯ ಇರುತ್ತಿದ್ದವು. ಕುಸುಬಿ ಬಿತ್ತುವವರು ಕಡಿಮೆಯಾದಂತೆ ಆ ಪಲ್ಯವೂ ತಟ್ಟೆಯಿಂದ ದೂರವಾಗುತ್ತಿದೆ. ಕರಾವಳಿ, ಮಲೆನಾಡಿನಲ್ಲಿ ರಾತ್ರಿಯ ಕುಚ್ಚಲಕ್ಕಿ ಗಂಜಿಗೆ ಒಂದೆಲಗದ ಚಟ್ನಿ, ಅನ್ನಕ್ಕೆ ತಂಬುಳಿ. ಮಳೆ ಹಿಡಿದಾಗ ಚಗತೆ ಸೊಪ್ಪು, ಕೆಸುವಿನ ಎಲೆ. ಸೀಮೆ ಬೇರೆ, ಹೆಸರು ಬೇರೆ, ನಡೆಯುತ್ತಿರುವುದು ಒಂದೇ. ಬಿತ್ತದೆ ಬೆಳೆದದ್ದು ರಾತ್ರಿಯ ತಟ್ಟೆಯಿಂದ ಮೊದಲು ಜಾರುತ್ತದೆ.

ಹೋದದ್ದರ ಜಾಗಕ್ಕೆ ಬರುತ್ತಿರುವುದೇನು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ ಹಸಿರು ದಂಟಿನ ಸೊಪ್ಪಿನ 100 ಗ್ರಾಂನಲ್ಲಿ ಸುಮಾರು 330 ಮಿಲಿಗ್ರಾಂ ಸುಣ್ಣದ ಅಂಶವಿದೆ, ಪಾಲಕ್‌ನಲ್ಲಿ ಸುಮಾರು 82. ಅದೇ ಕೋಷ್ಟಕದಲ್ಲಿ ರಾಗಿಯದ್ದು 364 ಮಿಲಿಗ್ರಾಂ, ಪಾಲಿಶ್ ಮಾಡಿದ ಅಕ್ಕಿಯದ್ದು ಹತ್ತಕ್ಕಿಂತ ಕಡಿಮೆ. ಗೋಣಿ ಸೊಪ್ಪಿನಲ್ಲಿ ಒಮೆಗಾ-3 ಕೊಬ್ಬಿನಾಂಶವಿದೆ. ಯಾವ ಒಂದು ಸೊಪ್ಪೂ ಸರ್ವಗುಣ ಸಂಪನ್ನವಲ್ಲ. ಒಂದರಲ್ಲಿ ಸುಣ್ಣ ಹೆಚ್ಚು, ಇನ್ನೊಂದರಲ್ಲಿ ಫೋಲೇಟ್ ಹೆಚ್ಚು, ಮತ್ತೊಂದರಲ್ಲಿ ಆಕ್ಸಲೇಟ್ ಹೆಚ್ಚಿದ್ದು ಸತ್ವ ಮೈಗೆ ಹತ್ತದಂತೆ ಹಿಡಿದುಕೊಳ್ಳುತ್ತದೆ. ಬೆರಕೆಯ ಗುಣ ಇಲ್ಲಿದೆ: ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹತ್ತು ಸೊಪ್ಪಿನ ಸಾರು ಒಂದು ಸೊಪ್ಪಿನ ಸಾರಾದಾಗ ನಾವು ಕಳೆದುಕೊಳ್ಳುವುದು ಈ ಹೊಂದಾಣಿಕೆಯನ್ನು.

ಈ ನಷ್ಟ ಎಂಥ ಹೊತ್ತಿನಲ್ಲಿ ಬಂದಿದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ 2015-16ರಲ್ಲಿ ಶೇಕಡ 44.8 ಇದ್ದದ್ದು 2019-21ರಲ್ಲಿ 47.8ಕ್ಕೆ ಏರಿತು. ಐದು ವರ್ಷದೊಳಗಿನ ಮಕ್ಕಳಲ್ಲಿ 60.9ರಿಂದ 65.5ಕ್ಕೆ. ರಕ್ತಹೀನತೆಗೆ ಕಾರಣಗಳು ಹಲವು: ಜಂತುಹುಳು, ಹೆರಿಗೆಗಳ ನಡುವಿನ ಅಂತರ, ತಿಂಗಳ ಸ್ರಾವ, ಮಾಂಸ ಮೊಟ್ಟೆ ಕಾಳುಗಳ ಕೊರತೆ. ಸೊಪ್ಪು ತಿಂದರೆ ರಕ್ತಹೀನತೆ ಹೋಗಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಇಂಥ ನಾಡಿನಲ್ಲಿ, ದುಡ್ಡಿಲ್ಲದ ಮನೆಗೂ ಬಿಟ್ಟಿಯಾಗಿ ಸಿಗುತ್ತಿದ್ದ ಒಂದು ಪೋಷಣೆಯ ಮೂಲ ಬತ್ತುತ್ತಿದೆ ಎಂದರೆ ಅದನ್ನು ಸಣ್ಣ ಸಂಗತಿ ಎನ್ನಲಾಗದು. ಇನ್ನೊಂದು ಕಡೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ದೇಶದ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದು ಹೇಳಿತು. ಅದೇ ಮಂಡಳಿ ಮತ್ತು ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನದ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು ಸೇರಿ 400 ಗ್ರಾಂ ಇರಲಿ ಎನ್ನುತ್ತದೆ. ನಮ್ಮ ರಾತ್ರಿಯ ತಟ್ಟೆ ಈ ಮಾತಿಗೆ ತಲೆಕೆಳಗಾಗಿ ನಿಂತಿದೆ. ಅನ್ನದ ಗುಡ್ಡ ದೊಡ್ಡದು, ಅದರ ಮೇಲೆ ತೆಳ್ಳನೆ ಸಾರು.

ಅಕ್ಕಿಯನ್ನು ಬೈಯಲು ಈ ಮಾತು ಹೇಳುತ್ತಿಲ್ಲ. 2013ರಲ್ಲಿ ಶುರುವಾದ ಅನ್ನಭಾಗ್ಯ ಎಷ್ಟೋ ಮನೆಗಳ ರಾತ್ರಿಯ ಹಸಿವನ್ನು ನೀಗಿಸಿದೆ. ಹಸಿದು ಮಲಗುವುದು ತಪ್ಪಿತು ಎಂಬುದು ದೊಡ್ಡ ಸಂಗತಿ, ಅದನ್ನು ಹಗುರವಾಗಿ ಕಾಣುವ ಹಕ್ಕು ಹೊಟ್ಟೆ ತುಂಬಿದ ಯಾರಿಗೂ ಇಲ್ಲ. ಆದರೆ ತಟ್ಟೆಗೆ ಧಾನ್ಯ ಬಂದ ವೇಗದಲ್ಲೇ ಅದರ ಪಕ್ಕದ ಸೊಪ್ಪು ಕಾಳು ಹೊರಟುಹೋಯಿತು. ಮೊದಲನೆಯದಕ್ಕೆ ಯೋಜನೆ ಇತ್ತು, ಎರಡನೆಯದನ್ನು ಯಾರೂ ಗಮನಿಸಲಿಲ್ಲ. ಮುದ್ದೆಯಾಗಲಿ ಅನ್ನವಾಗಲಿ, ಅದರ ಜೊತೆ ಏನಿದೆ ಎಂಬ ಪ್ರಶ್ನೆಯನ್ನು ನಾವು ಕೇಳುವುದನ್ನೇ ಬಿಟ್ಟೆವು.

ಕಳೆನಾಶಕ ಹೊಡೆಯುವ ರೈತನನ್ನು ದೂರಿ ಕೈತೊಳೆದುಕೊಳ್ಳುವುದೂ ಸುಲಭ. ಹಾಗೆ ಮಾಡಬಾರದು. ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ರಾಗಿಯ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ, 2025-26ರಲ್ಲಿ 4,886 ರೂಪಾಯಿ. ಈ ಏರಿಕೆ ಬೇಕಾಗಿತ್ತು, ಸ್ವಾಗತಾರ್ಹ. ಆದರೆ ಖರೀದಿ ಕೇಂದ್ರದಲ್ಲಿ ತೂಕ ಹಾಕುವುದು ರಾಗಿಯನ್ನು ಮಾತ್ರ. ಅಕ್ಕಡಿಯ ಎರಡು ಸೇರು ಅವರೆ, ಒಂದು ಸೇರು ಹುಚ್ಚೆಳ್ಳು, ಎರಡು ತಿಂಗಳು ಮನೆಗೆ ಬಂದ ಮಡಿಲು ಸೊಪ್ಪು ಯಾವ ತಕ್ಕಡಿಗೂ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದನ್ನು ಉಳಿಸು ಎಂದು ಸಾಲದಲ್ಲಿರುವ ರೈತನಿಗೆ ಹೇಳುವುದು ಹೇಗೆ?

ಇನ್ನು ಹೆಂಗಸರ ಬೆನ್ನಿನ ಮಾತು. ದಿನವಿಡೀ ಬಿಸಿಲಲ್ಲಿ ಬಗ್ಗಿ ಕಳೆ ಕಿತ್ತು, ಮನೆಗೆ ಬಂದು ಸೊಪ್ಪು ಸೋಸಿ, ಕಾಳು ಬೇಯಿಸಿ, ಖಾರ ಅರೆದು, ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವಿದ್ದು ಅವರೇ. ಸೊಪ್ಪಿನ ಸಾರಿನ ಸೊಗಸನ್ನು ವರ್ಣಿಸುವಾಗ ಆ ಬೆನ್ನುನೋವನ್ನು ಮರೆಯುವವರು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ. ಬೆರಕೆ ಸೊಪ್ಪು ಸೋಸಲು ಒಂದು ಗಂಟೆ ಬೇಕು. ಒಂದೊಂದೇ ಎಲೆ ನೋಡಬೇಕು, ಬಲಿತ ದಂಟು ತೆಗೆಯಬೇಕು, ಹುಳು ಹಿಡಿದದ್ದನ್ನು ಬಿಸಾಡಬೇಕು. ಆ ಒಂದು ಗಂಟೆ ಮನೆಯ ಎಲ್ಲರದ್ದಾಗದೆ ಮತ್ತೆ ಅವಳೊಬ್ಬಳದ್ದೇ ಆದರೆ ಬೆರಕೆ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಗಂಡಸರು, ಮಕ್ಕಳು ಮೊರದ ಸುತ್ತ ಕೂರುವ ಮನೆಯಲ್ಲಿ ಮಾತ್ರ ಅದಕ್ಕೆ ಮುಂದಿನ ದಿನಗಳಿವೆ.

ಈಗ ಈ ಎಚ್ಚರಿಕೆಯ ತಿರುಳಿಗೆ ಬರೋಣ. ಹೊಲ ಕ್ಷಮಿಸುತ್ತದೆ. ಒಂದು ಕೀರೆ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಮಲಗಿರುತ್ತದೆ. ಔಷಧಿ ನಿಲ್ಲಿಸಿದ ಹೊಲದಲ್ಲಿ ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಅಣ್ಣೆ, ಕೀರೆ, ಗೋಣಿ ಮತ್ತೆ ತಲೆಯೆತ್ತುತ್ತವೆ. ಆದರೆ ತಲೆಯೆತ್ತಿದ್ದನ್ನು ಗುರುತಿಸುವ ಕಣ್ಣು ಬೇಕಲ್ಲ? ಅದು ಬೀಜದಂತೆ ಮಣ್ಣಿನಲ್ಲಿ ಮಲಗಿ ಕಾಯುವುದಿಲ್ಲ. ಆ ಕಣ್ಣು ಉಳ್ಳವರಲ್ಲಿ ಹೆಚ್ಚಿನವರಿಗೆ ಈಗ ಅರವತ್ತು ದಾಟಿದೆ. ಅವರ ಸೊಸೆಯಂದಿರಿಗೆ ನಾಲ್ಕೈದು ಹೆಸರು ಗೊತ್ತು, ಮೊಮ್ಮಕ್ಕಳಿಗೆ ಎಲ್ಲವೂ ಹುಲ್ಲು.

ಗುರುತು ಎಂದರೆ ಬರೀ ಹೆಸರಲ್ಲ. ಗಣಿಕೆಯ ಎಲೆ ಸಾರಿಗೆ ಸರಿ, ಕಾಯಿ ಹಸಿರಿರುವಾಗ ಬಾಯಿಗೆ ಹಾಕಬಾರದು ಎಂಬ ತಿಳಿವು. ಎಳೆಯ ಉಮ್ಮತ್ತಿ ಗಿಡವನ್ನು ಸೊಪ್ಪಿನ ರಾಶಿಯಿಂದ ಎತ್ತಿ ಆಚೆ ಎಸೆಯುವ ಕೈ. ಮುಳ್ಳುಕೀರೆಯನ್ನು ಮುಳ್ಳು ಬಲಿಯುವ ಮೊದಲೇ ಚಿವುಟಬೇಕು, ಅಣ್ಣೆ ಹೂ ಬಿಟ್ಟ ಮೇಲೆ ಬಿಟ್ಟುಬಿಡಬೇಕು, ಯಾವ ಸೊಪ್ಪಿಗೆ ಯಾವ ಕಾಳು ಒಗ್ಗುತ್ತದೆ, ಬಾಣಂತಿಗೆ ಯಾವುದನ್ನು ಕೊಡಬಹುದು ಎಂಬ ಲೆಕ್ಕ. ಇದನ್ನು ಫೋಟೊ ನೋಡಿ ಕಲಿಯಲಾಗದು. ಕೈ ಹಿಡಿದು, ಹೊಲದಲ್ಲಿ ಕೂತು, ಎಲೆ ಮುರಿದು, ಮೂಸಿ ಕಲಿಯಬೇಕು. ಒಂದು ತಲೆಮಾರು ಕಲಿಯದೆ ಬಿಟ್ಟರೆ ಮುಂದಿನದಕ್ಕೆ ಕಲಿಸುವವರೇ ಇರುವುದಿಲ್ಲ. ಆಮೇಲೆ ಹೊಲ ಸೊಪ್ಪು ಕೊಟ್ಟರೂ ನಮಗೆ ಅದು ಕಳೆಯಾಗಿಯೇ ಕಾಣುತ್ತದೆ. ನಮಗಿರುವ ಸಮಯ ಹೆಚ್ಚೆಂದರೆ ಹತ್ತು ಹದಿನೈದು ಮಳೆಗಾಲ.

ಹಾಗಾದರೆ ಮಾಡಬೇಕಾದ್ದೇನು?

ಮೊದಲನೆಯದು, ಇವತ್ತೇ ಆಗಬೇಕಾದ್ದು: ಔಷಧಿ ಹೊಡೆದ ಹೊಲದ ಬದುವಿಗೆ ಒಂದು ಕೆಂಪು ಬಟ್ಟೆ ಕಟ್ಟುವ ರೂಢಿ ಪ್ರತಿ ಊರಿನಲ್ಲೂ ಬರಲಿ. ಖರ್ಚಿಲ್ಲ, ಕಾನೂನು ಬೇಡ, ಒಂದು ಗ್ರಾಮಸಭೆಯ ತೀರ್ಮಾನ ಸಾಕು. ಸೊಪ್ಪು ಕೀಳಲು ಬರುವ ಹೆಂಗಸಿಗೆ ಅಪಾಯ ಎಲ್ಲಿದೆ ಎಂದು ತಿಳಿಯುವುದು ಅವಳ ಹಕ್ಕು. ಜೊತೆಗೆ ಪ್ರತಿ ರೈತ ತನ್ನ ಮನೆಯ ಸಾರಿಗಾಗಿ ಒಂದೆರಡು ಗುಂಟೆ, ಅದೂ ಆಗದಿದ್ದರೆ ಒಂದು ಬದು, ಔಷಧಿ ಸೋಕದಂತೆ ಬಿಡಲಿ.

ಎರಡನೆಯದು ಕೃಷಿ ಇಲಾಖೆಗೆ. ಕೈಪಿಡಿಗಳಲ್ಲಿ ಅಣ್ಣೆ, ಕೀರೆ, ಗೋಣಿ, ಕನ್ನೆಗಳ ಹೆಸರು ಕಾಣುವುದು ಹೆಚ್ಚಾಗಿ ಕಳೆಗಳ ಪಟ್ಟಿಯಲ್ಲಿ. ಅವು ಆಹಾರ ಎಂದೂ ಅಲ್ಲೇ ಬರೆಯಿರಿ. ಕಳೆನಾಶಕದ ಶಿಫಾರಸು ಕೊಡುವಾಗ ಅಕ್ಕಡಿಗೆ ಅದರಿಂದಾಗುವ ಹಾನಿಯನ್ನೂ ರೈತರಿಗೆ ಹೇಳಿ. ಎಡೆಕುಂಟೆ, ಗಾಲಿ ಕಟ್ಟಿದ ಕೈ ಕಳೆಯಂತ್ರಗಳು ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಕಡಿಮೆ ಬಾಡಿಗೆಗೆ ಸಿಗಲಿ. ಬಗ್ಗಿ ಕೀಳುವ ಕಷ್ಟವೂ ತಪ್ಪಬೇಕು, ವಿಷವೂ ತಪ್ಪಬೇಕು. ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಡುವ ರೈತಸಿರಿಯಂಥ ಯೋಜನೆ ನಮ್ಮಲ್ಲೇ ಬಂದಿದೆ. ಅಕ್ಕಡಿ ಸಾಲು ಉಳಿಸಿದ ರಾಗಿ ಹೊಲಕ್ಕೂ ಅಂಥ ಒಂದು ಗೌರವಧನ ಬರಲಿ.

ಮೂರನೆಯದು ಗ್ರಾಮ ಪಂಚಾಯಿತಿಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜನರನ್ನು ಕೇಳಿ ಜೀವವೈವಿಧ್ಯದ ದಾಖಲೆ ಬರೆಯಬೇಕು. ಆ ದಾಖಲೆಯಲ್ಲಿ ಊರಿನ ತಿನ್ನುವ ಸೊಪ್ಪುಗಳಿಗೆ ಒಂದು ಅಧ್ಯಾಯ ಇರಲಿ: ಊರಿನ ಮಾತಿನಲ್ಲಿ ಹೆಸರು, ಸಿಗುವ ಜಾಗ, ಕೀಳುವ ತಿಂಗಳು, ಅಡುಗೆಯ ವಿಧಾನ. ಬರೆಯಬೇಕಾದವರು ಕಚೇರಿಯಲ್ಲಿ ಕೂತವರಲ್ಲ, ಸ್ತ್ರೀಶಕ್ತಿ ಸಂಘದ ಹಿರಿಯ ಹೆಂಗಸರು. ಅವರ ಹೊತ್ತಿಗೆ ಕೂಲಿಯೂ ಸಿಗಲಿ.

ನಾಲ್ಕನೆಯದು ಶಾಲೆಗೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟವಿದೆ, 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಇದೆ, ಪೌಷ್ಟಿಕ ತೋಟ ಮಾಡಿ ಎಂಬ ಕೇಂದ್ರದ ಮಾರ್ಗಸೂಚಿ 2019ರಿಂದ ಇದೆ. ಆ ತೋಟದಲ್ಲಿ ನುಗ್ಗೆ, ಚಕ್ರಮುನಿ, ಬಸಳೆ, ಹೊನಗೊನೆ, ಒಂದೆಲಗ ಬೆಳೆಯಲು ಹೆಚ್ಚು ಜಾಗ ಬೇಡ. ಮಳೆಗಾಲದಲ್ಲಿ ಒಂದು ದಿನ ಊರಿನ ಅಜ್ಜಿಯರನ್ನು ಶಾಲೆಗೆ ಕರೆಯಿರಿ. ಮಕ್ಕಳು ಅವರ ಜೊತೆ ಹೊಲ ಸುತ್ತಲಿ, ಸೊಪ್ಪು ತರಲಿ, ಗುರುತಿಸಲಿ, ಸೋಸಲಿ. ಅಜ್ಜಿ ಒಪ್ಪಿದ್ದು ಮಾತ್ರ ಪಾತ್ರೆಗೆ ಬೀಳಲಿ. ಅಂದಿನ ಬಿಸಿಯೂಟಕ್ಕೆ ಬೆರಕೆ ಸೊಪ್ಪಿನ ಸಾರು.

ಕೊನೆಯ ಮಾತು ನಗರದವರಿಗೆ. ಬೆಂಗಳೂರಿನಲ್ಲಿ ರಾತ್ರಿ ಹತ್ತಕ್ಕೆ ಮನೆ ಸೇರಿ ಮೊಬೈಲಿನಲ್ಲಿ ಊಟ ತರಿಸುವವರನ್ನು ಗದರುವುದರಿಂದ ಏನೂ ಆಗದು. ಆ ದಣಿವು ನಿಜ. ವಾರಕ್ಕೆ ಎರಡು ಸಂಜೆ ಮಾತ್ರ ಕೇಳುತ್ತೇವೆ. ಆ ಎರಡು ಸಂಜೆ ಮನೆಯಲ್ಲಿ ಸೊಪ್ಪಿನ ಸಾರಾಗಲಿ, ಸೋಸುವ ಕೆಲಸಕ್ಕೆ ಮನೆಮಂದಿಯೆಲ್ಲ ಕೂರಲಿ. ಸೊಪ್ಪು ಮಾರುವಾಕೆಯನ್ನು ಪಾಲಕ್ ಮೆಂತ್ಯ ಬಿಟ್ಟು ಬೇರೇನಿದೆ ಎಂದು ಕೇಳಿ. ಕೇಳುವವರಿದ್ದರೆ ಅವಳು ನಾಳೆ ಊರಿಂದ ಒಂದು ಕಟ್ಟು ಅಣ್ಣೆ, ಒಂದು ಕಟ್ಟು ಗಣಿಕೆ ತರುತ್ತಾಳೆ, ಅವಳ ಊರಿನ ಒಂದು ಬದುವಿಗೆ ಬೆಲೆ ಬರುತ್ತದೆ. ಎಲ್ಲಿ ಬೆಳೆದದ್ದು, ಯಾವ ನೀರು ಎಂಬುದನ್ನೂ ಕೇಳಿ. ನಗರದ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ಸೀಸ, ಕ್ಯಾಡ್ಮಿಯಂಗಳನ್ನು ಎಲೆಗೆ ಎಳೆದುಕೊಳ್ಳುತ್ತದೆ. ಹಸಿರಾಗಿದೆ ಎಂದ ಮಾತ್ರಕ್ಕೆ ಅದು ಒಳ್ಳೆಯದಾಗುವುದಿಲ್ಲ.

ಸಾರಿನ ಪಾತ್ರೆ ನಮಗೆ ಮೊದಲೇ ಹೇಳುತ್ತಿದೆ. ಆಸ್ಪತ್ರೆಯ ಅಂಕಿ ಅಂಶಕ್ಕೆ ಬರುವ ಮೊದಲು, ಸಮೀಕ್ಷೆಯ ಪುಟಕ್ಕೆ ಬರುವ ಮೊದಲು, ಹೊಲದ ಬದಲಾವಣೆ ರಾತ್ರಿಯ ತಟ್ಟೆಗೆ ಬಂದಿರುತ್ತದೆ. ಮುಂದಿನ ಆರಿದ್ರೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಬದುಗಳಲ್ಲಿ ಎಳೆ ಸೊಪ್ಪು ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಊರಿನಲ್ಲಿ ಅದನ್ನು ಬಲ್ಲ ಹಿರಿಯರು ಇದ್ದರೆ ಆ ವಾರ ಅವರ ಜೊತೆ ಒಂದು ಸಂಜೆ ಹೊಲಕ್ಕೆ ಹೋಗಿ. ಒಂದು ಮಗುವನ್ನೂ ಕರೆದುಕೊಂಡು ಹೋಗಿ. ಅವರು ಒಂದೊಂದು ಗಿಡ ತೋರಿಸಿ ಹೆಸರು ಹೇಳುವಾಗ ಆ ಮಗು ಬೆರಳು ಮಡಿಸಲಿ. ಈ ಮಳೆಗಾಲಕ್ಕೆ ಐದು ಹೆಸರು ಕಲಿತರೂ ಸಾಕು. ಇನ್ನೊಂದು ಕೈಯ ಹೆಸರುಗಳನ್ನು ಮುಂದಿನ ಮಳೆಗಾಲಕ್ಕೆ ಕಲಿಯಬಹುದು, ಕಲಿಸುವವರು ಅಲ್ಲಿಯವರೆಗೆ ನಮ್ಮ ಜೊತೆಗಿದ್ದರೆ.